ರಜೆಯ ಕೂಲಿಯೂ ಗಾಯದ ಪರಿಹಾರವೂ: ಗಡಿನಾಡಿನವರು ಅರಿಯಬೇಕಾದ ಲೆಕ್ಕ

ಉದಗೀರ, ನಿಲಂಗಾ ತಾಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಅಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಇವೂ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ ಸೇರಿದವು; ಬೀದರ, ಬಸವಕಲ್ಯಾಣ, ಭಾಲ್ಕಿಗಳು ಮೈಸೂರು ರಾಜ್ಯಕ್ಕೆ ಹೋದವು. ಗಡಿಯ ಗೆರೆ ಬಿದ್ದರೂ ದುಡಿಮೆಯ ದಾರಿ ನಿಲ್ಲಲಿಲ್ಲ. ಉಮರ್ಗಾದವರು ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಹಿಡಿದು ಬಸವಕಲ್ಯಾಣದ ಕಡೆಗೂ, ಉದಗೀರದವರು ರೈಲಿನಲ್ಲಿ ಭಾಲ್ಕಿ, ಬೀದರಗಳಿಗೂ ಹೋಗಿಬರುವರು. ಹೀಗೆ ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸವಿರುವವರಿಗೆ ಹಬ್ಬದ ದಿನದ ಕೂಲಿ ಯಾವ ಕಾಯಿದೆಯಂತೆ ಸಲ್ಲಬೇಕು? ಕೆಲಸದಲ್ಲಿ ಕೈ ಮುರಿದರೆ ಪರಿಹಾರವನ್ನು ಎಲ್ಲಿ ಕೇಳಬೇಕು? ಈ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಹಾಗೂ ಪಾಲಕರ ಮುಂದೆ ಬಿಡಿಸಿ ಇಡುವುದೇ ಈ ಪಾಠದ ಉದ್ದೇಶ.

ರಜೆಯ ಲೆಕ್ಕ

ಹಬ್ಬದ ರಜೆಗೆ ಮನೆಯ ವಿಳಾಸ ಲೆಕ್ಕಕ್ಕೆ ಬಾರದು. ಕೆಲಸದ ಸ್ಥಳದ ಕಾಯಿದೆಯೇ ಅನ್ವಯಿಸುವುದು. ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ನೌಕರರಿಗೆ ವರ್ಷಕ್ಕೆ 8 ವೇತನಸಹಿತ ರಜೆಗಳನ್ನು ಕೊಟ್ಟಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಮತ್ತು ಮಾಲಿಕ-ನೌಕರರು ಒಪ್ಪಿಕೊಂಡ ನಾಲ್ಕು ಹಬ್ಬಗಳು. ಕರ್ನಾಟಕದಲ್ಲಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯಂತೆ ಆ ನಾಲ್ಕು ದಿನಗಳೊಡನೆ ನವೆಂಬರ್ 1 ಹಾಗೂ ಐದು ಹಬ್ಬಗಳು ಸೇರಿ 10 ದಿನಗಳಾಗುತ್ತವೆ.

ಲೆಕ್ಕದ ಅನುಕೂಲಕ್ಕಾಗಿ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ಆತನಿಗೆ ಉದಗೀರದಲ್ಲಿ ಒಂದು, ಬೀದರದಲ್ಲಿ ಒಂದು ಅಂಗಡಿ. ಒಂದೊಂದರಲ್ಲಿಯೂ 24 ನೌಕರರು. ದಿನಗೂಲಿ 500 ರೂಪಾಯಿ. ಒಂದು ರಜೆಯ ಕೂಲಿ 12,000 ರೂ. ಉದಗೀರದಲ್ಲಿ 8 ದಿನಕ್ಕೆ 96,000. ಬೀದರದಲ್ಲಿ 10 ದಿನಕ್ಕೆ 1,20,000. ತಿಂಗಳಿಗೆ ಒಂದು ಕಡೆ 8,000, ಇನ್ನೊಂದು ಕಡೆ 10,000 ರೂಪಾಯಿಗಳನ್ನು ಎತ್ತಿಟ್ಟರೆ, ಹಬ್ಬ ಬಂದಾಗ ಮಾಲಿಕನು ತಡಕಾಡಬೇಕಿಲ್ಲ, ಕೂಲಿಕಾರನು ಅಂಗಲಾಚಬೇಕಿಲ್ಲ.

ರಜೆಯ ದಿನ ದುಡಿಸಿಕೊಂಡರೆ ಕರ್ನಾಟಕದ ಕಾಯಿದೆಯಂತೆ ಇಮ್ಮಡಿ ಕೂಲಿ ಕೊಡಬೇಕು; ಇಲ್ಲವೆ ಆ ದಿನದ ಕೂಲಿಯೊಡನೆ ಬೇರೊಂದು ದಿನ ವೇತನಸಹಿತ ರಜೆ ಕೊಡಬೇಕು. ನವೆಂಬರ್ 1ರಂದು ಬೀದರದ 24 ಜನರಲ್ಲಿ 6 ಜನರು ಇಮ್ಮಡಿ ಕೂಲಿಗೆ ದುಡಿದರೆ, 18 ಜನರಿಗೆ 9,000, 6 ಜನರಿಗೆ 6,000, ಒಟ್ಟು 15,000 ರೂ. ಆಗುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎಳ್ಳಮಾವಾಸ್ಯೆಯು ಗಡಿಯ ಎರಡೂ ಕಡೆಯ ರೈತರ ಹಬ್ಬ. ಮರಾಠಿ ಮನೆಗಳಲ್ಲಿ ಇದನ್ನೇ ಯೆಳವಸ ಎನ್ನುವರು. ಅಂದು ಲಾತೂರು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಸಾರುವುದುಂಟು. ಆದರೆ ಅದು ಸರಕಾರಿ ಕಚೇರಿ, ಶಾಲೆಗಳ ರಜೆ. ಖಾಸಗಿ ಅಂಗಡಿಯನ್ನು ಕಟ್ಟಿಹಾಕದು. ಹೈದರಾಬಾದ್ ವಿಮೋಚನೆಯ ಸ್ಮರಣೆಯ ಸೆಪ್ಟೆಂಬರ್ 17 ಕೂಡ ಕಾಯಿದೆಗಳು ಹೆಸರಿಸಿದ ದಿನಗಳಲ್ಲಿಲ್ಲ. ಇವು ಬೇಕಾದರೆ ಒಪ್ಪಿಗೆಯ ಹಬ್ಬಗಳಲ್ಲಿ ವರ್ಷಾರಂಭದಲ್ಲಿಯೇ ಸೇರಿಸಿಕೊಳ್ಳಬೇಕು.

ಗಾಯದ ಪರಿಹಾರ

ರಜೆಯು ಪಂಚಾಂಗದಲ್ಲಿ ಮೊದಲೇ ಕಾಣುತ್ತದೆ, ಅಪಘಾತವು ಕಾಣುವುದಿಲ್ಲ. ಆದುದರಿಂದ ಒಂದಕ್ಕೆ ಉಳಿತಾಯ ಸಾಕು, ಇನ್ನೊಂದಕ್ಕೆ ವಿಮೆ ಬೇಕು. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರಿಗೆ ಆ ನಿಗಮವು ಸೌಲಭ್ಯ ಕೊಡುತ್ತದೆ. ಉಳಿದೆಡೆ ಮಾಲಿಕನೇ ಹೊಣೆ. ಈ ಹೊಣೆಯು 1923ರ ಕಾಯಿದೆಯಿಂದ ಬಂದುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದನ್ನು ಮುಂದುವರಿಸಿದೆ. ರಜೆಯ ನಿಯಮವು ಗಡಿಯಲ್ಲಿ ಬದಲಾಗುತ್ತದೆ. ಪರಿಹಾರದ ನಿಯಮವು ದೇಶಕ್ಕೆಲ್ಲ ಒಂದೇ.

ಮರಣವಾದಲ್ಲಿ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಬೇಕು. ಶಾಶ್ವತವಾಗಿ ಪೂರ್ಣ ಅಶಕ್ತನಾದಲ್ಲಿ ಶೇಕಡಾ 60ನ್ನು ಗುಣಿಸಬೇಕು. 40 ವರ್ಷದವನ ಅಂಕಿ 184.17. ವೇತನ 12,000 ಇದ್ದರೆ, ಮರಣಕ್ಕೆ 6,000 × 184.17 = 11,05,020 ರೂ.; ಪೂರ್ಣ ಅಶಕ್ತತೆಗೆ 7,200 × 184.17 = 13,26,024 ರೂ. ಇದು ದಾನವಲ್ಲ, ಹಕ್ಕು.

ಗಡಿನಾಡಿನವರು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಗಳು ಇವು:

1. ಅಪಘಾತವು ಬೇರೆ ರಾಜ್ಯದಲ್ಲಾದರೂ, ಗಾಯಾಳು ಇಲ್ಲವೆ ಅವಲಂಬಿತರು ವಾಸಿಸುವ ಪ್ರದೇಶದ ಅಧಿಕಾರಿಯ ಮುಂದೆಯೇ ಅರ್ಜಿ ಸಲ್ಲಿಸಬಹುದು. ನಿಲಂಗಾದ ವಿಧವೆಯು ಅದಕ್ಕಾಗಿ ಬೀದರಕ್ಕೆ ಅಲೆಯಬೇಕಿಲ್ಲ.

2. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತಕ್ಕೂ, ಅದು ಕೆಲಸಕ್ಕೆ ಸಂಬಂಧಿಸಿದುದೆಂದು ಸ್ಥಾಪಿತವಾದರೆ, ಹೊಸ ಸಂಹಿತೆಯಲ್ಲಿ ಪರಿಹಾರವುಂಟು.

3. ಮುಕಾದಮನ ಕೈಕೆಳಗೆ ದುಡಿದರೂ, ಕೆಲಸವು ಮೂಲ ಮಾಲಿಕನ ಉದ್ಯೋಗದ ಭಾಗವಾಗಿದ್ದರೆ ಆ ಮಾಲಿಕನು ಹೊಣೆಯಿಂದ ನುಣುಚಿಕೊಳ್ಳಲಾರನು.

4. ಮರಣದ ಪರಿಹಾರವನ್ನು ಅಧಿಕಾರಿಯಲ್ಲಿ ಠೇವಣಿ ಇಡಬೇಕು. ಅಲ್ಪ ಹಣ ಕೊಟ್ಟು ಹಕ್ಕು ಬಿಟ್ಟೆನೆಂದು ಬರೆಯಿಸಿಕೊಂಡ ಕರಾರು ಶೂನ್ಯ.

5. ಅರ್ಜಿಯ ಅವಧಿ ಸಾಮಾನ್ಯವಾಗಿ ಎರಡು ವರ್ಷ. ದುಃಖದಲ್ಲಿ ದಿನಗಳು ಸರಿದುಹೋಗಬಾರದು.

ಹಕ್ಕು ಎಷ್ಟು ದೊಡ್ಡದಾದರೂ ಆಧಾರವಿಲ್ಲದೆ ನಿಲ್ಲದು. ಕೆಲಸ ಮಾಡಿದ ದಿನ, ಪಡೆದ ಕೂಲಿ, ಮಾಲಿಕನ ಮತ್ತು ಮುಕಾದಮನ ಹೆಸರು, ಇವನ್ನು ಮನೆಯಲ್ಲಿ ಒಂದು ವಹಿಯಲ್ಲಿ ಬರೆದಿಡಬೇಕು. ಪಗಾರ ಚೀಟಿಗಳನ್ನು ಜೋಪಾನ ಮಾಡಬೇಕು. ಓದುಬರಹ ಬಾರದ ತಂದೆತಾಯಿಗಳಿಗೆ ಈ ವಹಿಯನ್ನು ಬರೆದುಕೊಡುವ ಕೆಲಸ ವಿದ್ಯಾರ್ಥಿಗಳದು. ಕಲಿತ ಅಕ್ಷರವೂ ಅಂಕಿಯೂ ಮನೆಗೆ ಒದಗಬೇಕಾದುದು ಇಂಥಲ್ಲಿಯೇ.

ಅಭ್ಯಾಸ

1. ಉಮರ್ಗಾ, ಬಸವಕಲ್ಯಾಣಗಳಲ್ಲಿ ತಲಾ 30 ನೌಕರರು. ದಿನಗೂಲಿ 450 ರೂ. ಮೇಲಿನ ಎರಡು ಕಾಯಿದೆಗಳಂತೆ ವರ್ಷದ ರಜೆಯ ಕೂಲಿಯಲ್ಲಿ ವ್ಯತ್ಯಾಸವೆಷ್ಟು?

2. 30 ವರ್ಷದವನ ಅಂಕಿ 207.98, ವೇತನ 10,000 ರೂ. ಮರಣದ ಪರಿಹಾರವೆಷ್ಟು?

ಉತ್ತರ: 1) 27,000 ರೂ. 2) 10,39,900 ರೂ.