ಲಕ್ಷ, ಮನ್ ಮತ್ತು ಮುಯ್ಯಿ

ವಿದೇಶದಲ್ಲಿರುವ ಬಾಳಸಂಗಾತಿಗೆ ಹಣ ಕಳುಹಿಸುವುದನ್ನು ವಿನಿಮಯ ದರ, ಬ್ಯಾಂಕ್ ಶುಲ್ಕ, ತೆರಿಗೆ ಎಂಬ ಮೂರು ಲೆಕ್ಕಗಳಾಗಿ ವಿವರಿಸುವುದು ರೂಢಿಯಾದರೂ, ಕಳುಹಿಸುವವರ ಮತ್ತು ಪಡೆಯುವವರ ಮನೆಮಾತು ಬೇರೆಬೇರೆಯಾಗಿರುವ ಕಡೆ ಈ ಮೂರಕ್ಕೂ ಮುಂಚೆ ಬಗೆಹರಿಯಬೇಕಾದ ಇನ್ನೊಂದು ಲೆಕ್ಕವಿದ್ದು, ಅದು ಮಾತಿನ ಲೆಕ್ಕ. ಎಷ್ಟು, ಯಾವುದಕ್ಕೆ, ಯಾವ ಭಾವದಿಂದ ಎಂಬ ಪ್ರಶ್ನೆಗಳಿಗೆ ಇಬ್ಬರೂ ಒಂದೇ ಉತ್ತರ ಕೊಡುವಂತಾಗದೆ ಕಳುಹಿಸಿದ ಹಣ ಖಾತೆಗೆ ಸೇರಬಹುದು, ಆದರೆ ಉದ್ದೇಶಕ್ಕೆ ಸೇರುವುದಿಲ್ಲ. ಬಳ್ಳಾರಿ ಮೂಲದ ಪ್ರಸ್ತುತ ಲೇಖಕನು ಉದ್ಯೋಗನಿಮಿತ್ತ ವಿಶಾಖಪಟ್ಟಣದಲ್ಲಿ ನಾಲ್ಕು ವರ್ಷ ಮತ್ತು ವಿಜಯವಾಡದಲ್ಲಿ ಮೂರು ವರ್ಷ ನೆಲೆಸಿ, ಜಪಾನಿನ ಒಸಾಕಾದಲ್ಲಿದ್ದ, ಜಪಾನಿ ಮನೆಮಾತಿನ ಪತ್ನಿಗೆ ತಿಂಗಳು ತಿಂಗಳು ಹಣ ಕಳುಹಿಸಿದ ಅನುಭವವೇ ಈ ಬರಹಕ್ಕೆ ಆಧಾರ.

ವಿದೇಶಿ ಹಣದ ಮಾತು ಬಂದರೆ ಭಾರತದಲ್ಲಿ ಒಳಬರುವ ಹಣದ್ದೇ ಚರ್ಚೆ. 2024ರಲ್ಲಿ ಹೊರನಾಡಿನಿಂದ ಭಾರತೀಯ ಕುಟುಂಬಗಳಿಗೆ ಬಂದ ಮೊತ್ತ ಸುಮಾರು 129 ಶತಕೋಟಿ ಡಾಲರ್ ಎಂದು ವಿಶ್ವ ಬ್ಯಾಂಕ್ ಅಂದಾಜಿಸಿದ್ದು, ಇದು ಜಗತ್ತಿನ ಯಾವ ದೇಶಕ್ಕೂ ಬಂದದ್ದಕ್ಕಿಂತ ಹೆಚ್ಚು. ಹೊರಹೋಗುವ ಹಣವೂ ಚಿಕ್ಕದಲ್ಲ. ರಿಸರ್ವ್ ಬ್ಯಾಂಕ್ 2004ರ ಫೆಬ್ರುವರಿಯಲ್ಲಿ ಆರಂಭಿಸಿದ, ಎಲ್‌ಆರ್‌ಎಸ್ ಎಂದು ಕರೆಯಲಾಗುವ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ವ್ಯಕ್ತಿಯೊಬ್ಬರು ಆಗ ವರ್ಷಕ್ಕೆ 25,000 ಡಾಲರ್‌ವರೆಗೆ ಮಾತ್ರ ಹೊರಗೆ ಕಳುಹಿಸಬಹುದಾಗಿದ್ದರೆ, ಇಂದು ಆ ಮಿತಿ ಹಣಕಾಸು ವರ್ಷಕ್ಕೆ 2,50,000 ಡಾಲರ್ ಆಗಿದೆ. 2023-24ರಲ್ಲಿ ಈ ದಾರಿಯಲ್ಲಿ ಹೊರಹೋದ ಒಟ್ಟು ಮೊತ್ತ 31 ಶತಕೋಟಿ ಡಾಲರ್ ದಾಟಿತ್ತು. ಓದು, ಪ್ರವಾಸ, ಹೂಡಿಕೆಗಳ ಜೊತೆಗೆ ಹತ್ತಿರದ ಸಂಬಂಧಿಗಳ ಜೀವನ ನಿರ್ವಹಣೆಯೂ ಈ ಮೊತ್ತದ ಒಂದು ಭಾಗ.

ವಿಶಾಖಪಟ್ಟಣಕ್ಕೂ ಜಪಾನಿಗೂ ಹಣದ ನಂಟು ಹೊಸತಲ್ಲ. ಬೈಲಾಡಿಲಾ ಬೆಟ್ಟಗಳ ಕಬ್ಬಿಣದ ಅದಿರನ್ನು ಜಪಾನಿಗೆ ಸಾಗಿಸುವುದಕ್ಕೆಂದೇ 1960ರ ದಶಕದಲ್ಲಿ ಅರಕು ಕಣಿವೆಯ ಮೂಲಕ ಕೊತ್ತವಲಸ–ಕಿರಂದುಲ್ ರೈಲುಮಾರ್ಗ ನಿರ್ಮಾಣವಾಯಿತು, ದೊಡ್ಡ ಅದಿರು ಹಡಗುಗಳಿಗಾಗಿ 1970ರ ದಶಕದಲ್ಲಿ ಹೊರಬಂದರು ಸಿದ್ಧವಾಯಿತು. ಆ ವ್ಯಾಪಾರದಲ್ಲಿ ಟನ್ನಿನ ಅರ್ಥವೇನು, ಹಣ ಯಾವ ದಿನ ಸಲ್ಲಬೇಕು, ತಡವಾದರೆ ಹೊಣೆ ಯಾರದು ಎಂಬುದೆಲ್ಲ ಕರಾರುಪತ್ರದಲ್ಲಿ ಮೊದಲೇ ಬರೆದಿರುತ್ತಿದ್ದುದರಿಂದ ಎರಡು ಭಾಷೆಗಳ ನಡುವೆಯೂ ವ್ಯವಹಾರ ಸುಗಮವಾಗಿತ್ತು. ಗಂಡಹೆಂಡಿರ ನಡುವೆ ಅಂಥ ಕರಾರು ಇರುವುದಿಲ್ಲ. ಪ್ರೀತಿಯೊಂದಿದ್ದರೆ ಎಲ್ಲ ಅರ್ಥವಾಗುತ್ತದೆ ಎಂಬ ನಂಬಿಕೆಯೇ ಕರಾರಿನ ಜಾಗದಲ್ಲಿ ಕುಳಿತಿರುತ್ತದೆ.

ಎಷ್ಟು

ಜಪಾನೀಯರು ಸಂಖ್ಯೆಗಳನ್ನು ನಾಲ್ಕು ನಾಲ್ಕು ಅಂಕಿಗಳ ಗುಂಪಾಗಿ ಎಣಿಸುತ್ತಾರೆ. ಹತ್ತು ಸಾವಿರಕ್ಕೆ ಅವರಲ್ಲಿ ಮನ್ ಎಂದೂ, ಹತ್ತು ಕೋಟಿಗೆ ಒಕು ಎಂದೂ ಹೆಸರು. ಹತ್ತು ಮನ್ ಸೇರಿದರೆ ಕನ್ನಡದ ಒಂದು ಲಕ್ಷ. ಲಕ್ಷಕ್ಕೆ ಜಪಾನಿಯಲ್ಲಿ ಬೇರೆ ಪದವಿಲ್ಲ, ಮನ್ ಎಂಬುದಕ್ಕೆ ಕನ್ನಡದಲ್ಲಿ ನಿತ್ಯಬಳಕೆಯ ಪದವಿಲ್ಲ, ಎರಡನ್ನೂ ಜೋಡಿಸಬೇಕಾದ ಇಂಗ್ಲಿಷಿನ ಎಣಿಕೆಯಲ್ಲಿ ಇವೆರಡಕ್ಕೂ ಸ್ವಂತ ಪದವಿಲ್ಲ. ಬಾಡಿಗೆ ಮನೆಯ ಮುಂಗಡಕ್ಕಾಗಿ ಪತ್ನಿಗೆ 15 ಮನ್, ಎಂದರೆ 1,50,000 ಯೆನ್ ಬೇಕಾಗಿದ್ದಾಗ, ದೂರವಾಣಿಯಲ್ಲಿ ಇಂಗ್ಲಿಷಿಗೆ ತಿರುಗಿಸುವ ಅವಸರದಲ್ಲಿ ಅದು 'ಫಿಫ್ಟೀನ್ ಥೌಸಂಡ್' ಆಗಿ, ವಿಶಾಖಪಟ್ಟಣದ ದ್ವಾರಕಾನಗರದಿಂದ ಹೊರಟದ್ದು 15,000 ಯೆನ್ ಮಾತ್ರ. ಉಳಿದ ಹಣವನ್ನು ಇನ್ನೊಮ್ಮೆ ಶುಲ್ಕ ಕೊಟ್ಟು ಕಳುಹಿಸಬೇಕಾಯಿತು, ಆ ತಿಂಗಳ ಮುಂಗಡವನ್ನು ಆಕೆ ಅಕ್ಕನಿಂದ ಸಾಲ ಪಡೆದು ಕಟ್ಟಬೇಕಾಯಿತು. ಅಂದಿನಿಂದ ಮೊತ್ತವನ್ನು ಬಾಯಿಮಾತಿನಲ್ಲಿ ಹೇಳುವುದು ನಿಂತು, ಅಂಕಿಯಲ್ಲಿಯೇ ಬರೆದು ಕಳುಹಿಸುವ ನಿಯಮ ಮನೆಯಲ್ಲಿ ಜಾರಿಗೆ ಬಂತು.

ಮೊತ್ತ ತಿಳಿದ ಮೇಲೆ ಅದನ್ನು ಸಾಗಿಸಲು ತಗಲುವ ವೆಚ್ಚವನ್ನು ನೋಡಬೇಕು. ಬ್ಯಾಂಕುಗಳು ಬಳಸುವ ಸ್ವಿಫ್ಟ್ ಎಂಬುದು 1973ರಲ್ಲಿ ಬೆಲ್ಜಿಯಮ್ಮಿನಲ್ಲಿ ಸ್ಥಾಪಿತವಾದ ಸಂದೇಶ ಜಾಲವಾಗಿದ್ದು, ಅದು ಹಣವನ್ನಲ್ಲ, ಹಣ ಕೊಡಿ ಎಂಬ ಸೂಚನೆಯನ್ನು ಮಾತ್ರ ಒಯ್ಯುತ್ತದೆ. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕೊಂದು ಇದ್ದರೆ ಅದೂ ತನ್ನ ಪಾಲನ್ನು ಮುರಿದುಕೊಳ್ಳಬಹುದು. ಎಲ್ಲ ಶುಲ್ಕವನ್ನು ಕಳುಹಿಸುವವರೇ ಭರಿಸುವ, ಇಬ್ಬರೂ ಹಂಚಿಕೊಳ್ಳುವ, ಪಡೆಯುವವರೇ ಭರಿಸುವ ಮೂರು ಆಯ್ಕೆಗಳು ಅರ್ಜಿಯಲ್ಲಿದ್ದು, ಬಾಡಿಗೆಯಂಥ ನಿಖರ ಮೊತ್ತ ತಲುಪಬೇಕಾದಾಗ ಮೊದಲ ಆಯ್ಕೆಯೇ ಸರಿ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುವುದರಿಂದ, ಲಕ್ಷ ರೂಪಾಯಿಗೆ ಈ ತೆರಿಗೆ 180 ರೂಪಾಯಿ. ಆದರೆ ಬ್ಯಾಂಕ್ ಕೊಡುವ ದರ ಮಾರುಕಟ್ಟೆ ದರಕ್ಕಿಂತ ಶೇ 2ರಷ್ಟು ದುಬಾರಿಯಾಗಿದ್ದರೆ ಅದೇ ಲಕ್ಷದಲ್ಲಿ 2,000 ರೂಪಾಯಿ ರಸೀದಿಯಲ್ಲಿ ಕಾಣದಂತೆ ಹೋಗಿರುತ್ತದೆ. ಆದ್ದರಿಂದ ಬ್ಯಾಂಕಿನಲ್ಲಿ ಶುಲ್ಕವೆಷ್ಟು ಎಂದು ಕೇಳುವುದಕ್ಕಿಂತ, ಇಷ್ಟು ರೂಪಾಯಿ ಕೊಟ್ಟರೆ ಅಲ್ಲಿ ಕೈಗೆ ಎಷ್ಟು ಯೆನ್ ಸಿಗುತ್ತದೆ ಎಂದು ಕೇಳುವುದು ಲೇಸು.

ಹೆಸರಿನ ಕಾಗುಣಿತವೂ ಎಷ್ಟೆಂಬ ಪ್ರಶ್ನೆಯಷ್ಟೇ ಮುಖ್ಯ. ಜಪಾನಿ ಭಾಷೆಯಲ್ಲಿ ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಅರ್ಥಭೇದವಿದ್ದು, ಒನೊ ಮತ್ತು ಓನೊ ಎಂಬವು ಬೇರೆಬೇರೆ ಮನೆತನದ ಹೆಸರುಗಳು. ಕನ್ನಡ ಲಿಪಿ ಈ ಭೇದವನ್ನು ಎರಡು ಅಕ್ಷರಗಳಲ್ಲಿ ಕಾಪಾಡಿಕೊಂಡಿದ್ದರೆ, ರೋಮನ್ ಲಿಪಿಯ ಪಾಸ್‌ಪೋರ್ಟಿನಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ರೀತಿ ಕಾಣುತ್ತವೆ, ಕೆಲವರು ಮಾತ್ರ ದೀರ್ಘವನ್ನು ತೋರಿಸಲು ನಡುವೆ ಎಚ್ ಅಕ್ಷರ ಸೇರಿಸಿಕೊಂಡಿರುತ್ತಾರೆ. ಉಚ್ಚಾರಣೆಯನ್ನು ಕಿವಿಯಿಂದ ಕೇಳಿ ಬರೆದ ಹೆಸರಿಗೂ ಖಾತೆಯಲ್ಲಿದ್ದ ಹೆಸರಿಗೂ ಒಂದು ಅಕ್ಷರ ತಾಳೆಯಾಗದೆ, ಲೇಖಕನ ಹಣ ಒಮ್ಮೆ ಒಂಬತ್ತು ದಿನ ದಾರಿಯಲ್ಲೇ ನಿಂತಿತ್ತು.

ಯಾವುದಕ್ಕೆ

ಹಣ ಯಾವುದಕ್ಕೆ ಎಂಬುದನ್ನು ಸಂಗಾತಿಗೆ ಮಾತ್ರವಲ್ಲ, ಸರಕಾರಕ್ಕೂ ಹೇಳಬೇಕು. ಎ2 ಎಂಬ ಅರ್ಜಿಯಲ್ಲಿ ಪ್ಯಾನ್ ಸಂಖ್ಯೆಯ ಜೊತೆ ಉದ್ದೇಶ ಸಂಕೇತವನ್ನು ನಮೂದಿಸಬೇಕಿದ್ದು, ಕುಟುಂಬದ ಜೀವನ ನಿರ್ವಹಣೆಗೆ ಎಸ್1301, ಉಡುಗೊರೆಗೆ ಎಸ್1302 ಎಂಬ ಬೇರೆಬೇರೆ ಸಂಕೇತಗಳಿವೆ.

ವಿಜಯವಾಡದ ಬ್ಯಾಂಕ್ ಶಾಖೆಯೊಂದರಲ್ಲಿ ಈ ಅರ್ಜಿಯನ್ನು ನೋಡಿದ ಗುಮಾಸ್ತರು ತೆಲುಗಿನಲ್ಲಿ "ಇದಿ ಅಪ್ಪಾ, ಬಹುಮತಾ?" ಎಂದು ಕೇಳಿದ್ದರು. ಕನ್ನಡದ ಕಿವಿಗೆ ಮೊದಲನೆಯದು ತಂದೆಯನ್ನು ಕರೆದಂತೆ, ಎರಡನೆಯದು ಚುನಾವಣೆಯ ಮಾತಿನಂತೆ ಕೇಳುವುದಾದರೂ, ತೆಲುಗಿನಲ್ಲಿ ಅಪ್ಪು ಎಂದರೆ ಸಾಲ, ಬಹುಮತಿ ಎಂದರೆ ಉಡುಗೊರೆ. ಅವರು ಕೇಳಿದ್ದು ಈ ಹಣ ಸಾಲವೋ ಉಡುಗೊರೆಯೋ ಎಂಬ ಅತ್ಯಂತ ಸಮಂಜಸವಾದ ಪ್ರಶ್ನೆ. ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಕನ್ನಡ ಮತ್ತು ತೆಲುಗು ಅಕ್ಷರಗಳು ಬಹುಮಟ್ಟಿಗೆ ಒಂದೇ ಆಗಿದ್ದು, ಲೆಕ್ಕ, ಬಾಕಿ, ಖಾತೆಯಂಥ ಪದಗಳು ಎರಡೂ ಕಡೆ ಬಳಕೆಯಲ್ಲಿರುವುದರಿಂದ ಕನ್ನಡಿಗರು ವಿಜಯವಾಡದ ಫಲಕಗಳನ್ನು ಓದಿಕೊಂಡು ಎಲ್ಲ ತಿಳಿಯಿತೆಂದು ಭಾವಿಸುವುದು ಸಹಜ. ಸಮುದ್ರದಾಚೆಯ ಭಾಷೆಯಲ್ಲಿ ತಿಳಿಯಲಿಲ್ಲವೆಂಬುದಾದರೂ ತಿಳಿಯುತ್ತದೆ. ನೆರೆಯ ಭಾಷೆಯಲ್ಲಿ ತಪ್ಪು ತಿಳಿದದ್ದು ತಿಳಿಯುವುದೇ ಇಲ್ಲ. ಈ ಎಚ್ಚರವನ್ನು ಕಲಿಸಿದ ಆ ಗುಮಾಸ್ತರ ಪ್ರಶ್ನೆಗೆ ಉತ್ತರವಾಗಿ, ಉಡುಗೊರೆ ಎಂದು ಬರೆದಿದ್ದ ಜಾಗದಲ್ಲಿ ಜೀವನ ನಿರ್ವಹಣೆಯ ಸಂಕೇತ ಬಂತು, ಏಕೆಂದರೆ ಆ ಹಣ ನಿಜವಾಗಿಯೂ ಬಾಡಿಗೆ ಮತ್ತು ದಿನಸಿಗಾಗಿತ್ತು.

ಈ ಭೇದಕ್ಕೆ ಎಲ್ಲ ತೆರಿಗೆಗಳಲ್ಲಿ ಅಲ್ಲದಿದ್ದರೂ ಕೆಲವು ತೆರಿಗೆಗಳಲ್ಲಿ ಬೆಲೆಯಿದೆ. ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಎಂದರೆ ಟಿಸಿಎಸ್, 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತಿದ್ದು, ಕುಟುಂಬ ನಿರ್ವಹಣೆ ಮತ್ತು ಉಡುಗೊರೆ ಎರಡಕ್ಕೂ ಅದರ ದರ ಒಂದೇ, ಶೇ 20. ವರ್ಷದಲ್ಲಿ 12 ಲಕ್ಷ ಕಳುಹಿಸಿದವರಿಂದ ಮೇಲಿನ 2 ಲಕ್ಷಕ್ಕೆ 40,000 ರೂಪಾಯಿ ಹಿಡಿಯಲಾಗುತ್ತದೆ. ಇದು ಹೆಚ್ಚುವರಿ ತೆರಿಗೆಯಲ್ಲ, ಮುಂಗಡವಾಗಿ ಹಿಡಿದಿಟ್ಟ ಹಣವಾದ್ದರಿಂದ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಇದಕ್ಕಿಂತ ಕಡಿಮೆ ಜನರಿಗೆ ತಿಳಿದಿರುವ ನಿಯಮವೊಂದು ಮದುವೆಯಾಗದ ಸಂಗಾತಿಗಳಿಗೆ ಸಂಬಂಧಿಸಿದ್ದು. ಆದಾಯ ತೆರಿಗೆ ಕಾನೂನಿನ 'ಸಂಬಂಧಿ' ಎಂಬ ವ್ಯಾಖ್ಯೆಯಲ್ಲಿ ಪತಿಪತ್ನಿಯರು ಬರುತ್ತಾರೆ, ನಿಶ್ಚಿತಾರ್ಥವಾದವರಾಗಲಿ ಜೊತೆಗಿರುವವರಾಗಲಿ ಬರುವುದಿಲ್ಲ. 2019ರ ಜುಲೈ 5ರಿಂದ ಈಚೆಗೆ ಭಾರತದ ನಿವಾಸಿಯೊಬ್ಬರು ಸಂಬಂಧಿಯಲ್ಲದ ಅನಿವಾಸಿಗೆ ವರ್ಷದಲ್ಲಿ 50,000 ರೂಪಾಯಿ ಮೀರಿ ಕೊಟ್ಟ ಹಣದ ಉಡುಗೊರೆಯನ್ನು ಪಡೆದವರಿಗೆ ಭಾರತದಲ್ಲಿ ಹುಟ್ಟಿದ ಆದಾಯವೆಂದು ಪರಿಗಣಿಸಲಾಗುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸು ಕೊಟ್ಟು ನೋಂದಣಿಗೆ ಕಾಯುತ್ತಿರುವ ಜೋಡಿಗಳು ದೊಡ್ಡ ಮೊತ್ತದ ರವಾನೆಯನ್ನು ನೋಂದಣಿಯ ನಂತರಕ್ಕೆ ಇಟ್ಟುಕೊಳ್ಳುವುದು ಈ ಕಾರಣಕ್ಕಾಗಿ ವಿವೇಕದ ನಡೆ. ಪಡೆಯುವ ದೇಶದ ನಿಯಮವನ್ನೂ ಮರೆಯಬಾರದು: ಜಪಾನಿನಲ್ಲಿ ಉಡುಗೊರೆ ತೆರಿಗೆ ಕಟ್ಟಬೇಕಾದವರು ಪಡೆದವರೇ ಆಗಿದ್ದು, ವರ್ಷಕ್ಕೆ 110 ಮನ್, ಎಂದರೆ 11 ಲಕ್ಷ ಯೆನ್‌ವರೆಗೆ ವಿನಾಯಿತಿಯಿದೆ, ಕುಟುಂಬದವರ ನಿತ್ಯದ ಜೀವನಕ್ಕೆ ಅಗತ್ಯವಾದಷ್ಟು ಕೊಟ್ಟ ಹಣಕ್ಕೆ ಆ ತೆರಿಗೆ ತಗಲುವುದಿಲ್ಲ.

ಯಾವುದಕ್ಕೆ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗದ ಕಡೆ ಹಣವನ್ನು ತಡೆಹಿಡಿಯಬೇಕು. ಎಂದೂ ಮುಖತಃ ಕಾಣದ 'ಸಂಗಾತಿ'ಯೊಬ್ಬರು ಅನುವಾದಿತ ಸಿಹಿಮಾತುಗಳ ಬೆನ್ನಿಗೆ ಕಸ್ಟಮ್ಸ್ ಶುಲ್ಕದ ಹೆಸರಿನಲ್ಲಿ ಹಣ ಕೇಳುವುದು ಪರಿಚಿತ ವಂಚನೆಯಾಗಿದ್ದು, ಹಾಗೆ ಹಣ ಕಳೆದುಕೊಂಡವರು ಸಂಕೋಚವನ್ನು ಬದಿಗಿಟ್ಟು ಕೂಡಲೇ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು.

ಯಾವ ಭಾವದಿಂದ

ಕನ್ನಡ ಮತ್ತು ಜಪಾನಿ ವಾಕ್ಯಗಳ ಜೋಡಣೆಯಲ್ಲಿ ಅಚ್ಚರಿಯ ಹೋಲಿಕೆಯಿದೆ. 'ನಾಳೆ ಬ್ಯಾಂಕಿಗೆ ಹೋಗುತ್ತೇನೆ' ಎಂಬುದಕ್ಕೆ ಜಪಾನಿಯಲ್ಲಿ 'ಅಶಿತ ಗಿಂಕೋ ನಿ ಇಕಿಮಸ್' ಎನ್ನುತ್ತಾರೆ. ಅಶಿತ ಎಂದರೆ ನಾಳೆ, ಗಿಂಕೋ ಎಂದರೆ ಬ್ಯಾಂಕು, ನಿ ಎಂಬುದು 'ಗೆ' ಪ್ರತ್ಯಯದ ಕೆಲಸ ಮಾಡುತ್ತದೆ, ಕ್ರಿಯಾಪದ ಎರಡರಲ್ಲೂ ಕೊನೆಗೇ ಬರುತ್ತದೆ, ಕರ್ತೃವನ್ನು ಎರಡರಲ್ಲೂ ಬಿಟ್ಟು ಮಾತನಾಡಬಹುದು. ಇಬ್ಬರೂ ಇಂಗ್ಲಿಷನ್ನು ನಡುವೆ ತಂದಾಗ ತಲೆಕೆಳಗಾಗುತ್ತಿದ್ದ ಮಾತು, ಕನ್ನಡದಿಂದ ಜಪಾನಿಗೆ ನೇರವಾಗಿ ಪದಕ್ಕೆ ಪದ ಇಟ್ಟಾಗ ಸಲೀಸಾಗಿ ದಾಟಿದ್ದನ್ನು ಲೇಖಕನು ಹಲವು ಬಾರಿ ಕಂಡಿದ್ದಾನೆ.

ಆದರೂ ಒಂದು ಪದ ಬಹುಕಾಲ ಕಾಡಿತು. ಈ ತಿಂಗಳು ಸ್ವಲ್ಪ ಹೆಚ್ಚು ಕಳುಹಿಸಲೇ ಎಂದು ಕೇಳಿದಾಗ ಬಂದ ಉತ್ತರ 'ದೈಜೋಬು'. ಮೊಬೈಲಿನ ಅನುವಾದ ತಂತ್ರಾಂಶ ಅದನ್ನು 'ಸರಿ' ಎಂದು ತೋರಿಸಿದ್ದರಿಂದ, ದರ ದುಬಾರಿಯಾಗಿದ್ದ ತಿಂಗಳಲ್ಲಿ ಬೇಡವಾಗಿದ್ದ ಹಣ ಹೋಯಿತು. ಆಕೆ ಹೇಳಿದ್ದು 'ಬೇಡ, ನಡೆಯುತ್ತದೆ' ಎಂದು. ಈ ಪದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಜೋಡಿ ಸಿಗದಿದ್ದರೂ ಕನ್ನಡದಲ್ಲಿ ಅದು ಎಂದಿನಿಂದಲೂ ಇದೆ. ಊಟಕ್ಕೆ ಇನ್ನಷ್ಟು ಬಡಿಸಲೇ ಎಂದರೆ ಬೇಡವೆನ್ನಲೂ, ಕಾಲು ತುಳಿದವರನ್ನು ಕ್ಷಮಿಸಲೂ, ಅಡುಗೆ ಹೇಗಿದೆ ಎಂದರೆ ಮೆಚ್ಚಲೂ ಬಳಸುವ 'ಪರವಾಗಿಲ್ಲ' ಎಂಬ ಮಾತೇ ಅದು. ಹಾಗೆ ತಿಳಿದ ಮೇಲೆ, ದೈಜೋಬು ಎಂಬ ಉತ್ತರ ಬಂದಾಗಲೆಲ್ಲ 'ಬೇಕೋ, ಬೇಡವೋ' ಎಂದು ಇನ್ನೊಮ್ಮೆ ಕೇಳುವುದು ವಾಡಿಕೆಯಾಯಿತು.

ಭಾವದ ಪ್ರಶ್ನೆ ಇನ್ನೂ ಆಳಕ್ಕೆ ಹೋದದ್ದು ಪತ್ನಿಯ ತಂದೆ ಆಸ್ಪತ್ರೆಗೆ ಸೇರಿದಾಗ. ರೋಗಿಗೆ ಕೊಡುವ ಹಣಕ್ಕೆ ಜಪಾನಿನಲ್ಲಿ ಒಮಿಮಾಯಿ ಎಂದು ಹೆಸರು; ಆ ಹೆಸರಿನಲ್ಲಿ ವಿಶಾಖಪಟ್ಟಣದಿಂದ 5 ಮನ್ ಹೋಯಿತು. ಗುಣಮುಖರಾದ ಮೇಲೆ ಅವರ ಮನೆಯಿಂದ ಹಸಿರು ಚಹಾ, ಒಣ ಶಾವಿಗೆ ಮತ್ತು ಹತ್ತಿಯ ಟವೆಲುಗಳನ್ನು ಅಚ್ಚುಕಟ್ಟಾಗಿ ಕಟ್ಟಿದ ಪೆಟ್ಟಿಗೆ ಬಂತು. ಅದರ ಬೆಲೆ ಕಳುಹಿಸಿದ ಹಣದ ಅರ್ಧದಷ್ಟಿತ್ತು. ಕೊಟ್ಟ ನೆರವನ್ನು ಒಲ್ಲೆನೆಂದು ಹಿಂತಿರುಗಿಸಿದರೆಂದು ಲೇಖಕನು ನೊಂದುಕೊಂಡಿದ್ದಾಗ, ಬಳ್ಳಾರಿಯಿಂದ ಬಂದಿದ್ದ ತಾಯಿ ಪೆಟ್ಟಿಗೆಯನ್ನು ನೋಡಿ "ಮುಯ್ಯಿ ತೀರಿಸ್ಯಾರಪ್ಪ, ಅದ್ರಾಗ ಬ್ಯಾಸರ ಮಾಡ್ಕೊಳ್ಳೋದೇನೈತಿ" ಎಂದು ಒಂದೇ ಮಾತಿನಲ್ಲಿ ಬಿಡಿಸಿಟ್ಟರು. ಗುಣವಾದವರು ಪಡೆದದ್ದರ ಮೂರನೇ ಒಂದರಿಂದ ಅರ್ಧದಷ್ಟನ್ನು ವಸ್ತುರೂಪದಲ್ಲಿ ಮರಳಿಸುವ ಈ ಜಪಾನಿ ಪದ್ಧತಿಗೆ ಕೈಕಿ ಇವಾಯಿ ಎನ್ನುತ್ತಾರೆ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ತೀರಿಸುವ ಕನ್ನಡ ಮನೆಗಳಿಗೂ, ಕೊಡುಗೆಗಳನ್ನು ಓದಿ ಹೇಳಿ ಬರೆದಿಡುವುದನ್ನು ಚದಿವಿಂಪುಲು ಎಂದು ಕರೆಯುವ ವಿಜಯವಾಡದ ಮನೆಗಳಿಗೂ ಇದು ಅಪರಿಚಿತ ನಡತೆಯೇನಲ್ಲ. ಮದುವೆಯ ಹಣವನ್ನು ಸಮಭಾಗವಾಗದ ಸಂಖ್ಯೆಯಲ್ಲಿಯೇ ಕೊಡಬೇಕೆಂದು 3 ಮನ್ ಇಡುವ ಜಪಾನೀಯರಿಗೂ, ನೂರಕ್ಕೆ ಒಂದು ರೂಪಾಯಿ ಸೇರಿಸಿ 101 ಇಡುವ ನಮ್ಮವರಿಗೂ ಸಂಬಂಧದ ಬಗೆಗಿನ ಆಶಯ ಒಂದೇ. ಇಲ್ಲದೆ ಹೋದದ್ದು ಭಾಷೆಯಲ್ಲ, ತನ್ನದೇ ಮನೆಯ ಪದವನ್ನು ಅಲ್ಲಿಗೆ ಒಯ್ದು ನೋಡುವ ತಾಳ್ಮೆ.

ಈ ಎಲ್ಲದರ ಫಲವಾಗಿ ಉಳಿದುಬಂದ ಸಾಧನ ಒಂದು ರೂಲಿನ ನೋಟುಪುಸ್ತಕ ಮತ್ತು ಪ್ರತಿ ತಿಂಗಳ ಅದರ ಛಾಯಾಚಿತ್ರ. ಮೊದಲ ಕಾಲಮಿನಲ್ಲಿ ಅಂಕಿಯಲ್ಲಿ ಯೆನ್, ಎರಡನೆಯದರಲ್ಲಿ ಉದ್ದೇಶ ಮತ್ತು ಹಣ ತಲುಪಬೇಕಾದ ದಿನ, ಮೂರನೆಯದರಲ್ಲಿ ಅದೇ ವಿಷಯ ಇನ್ನೊಬ್ಬರ ಭಾಷೆಯಲ್ಲಿ: ಲೇಖಕನದು ಜಪಾನಿ ಅಕ್ಷರಗಳಲ್ಲಿ, ಪತ್ನಿಯದು ಕನ್ನಡದಲ್ಲಿ. ಮೊದಮೊದಲು ಆಕೆ ಬಾಡಿಗೆ ಎಂಬುದನ್ನು ಬಡಿಗೆ ಎಂದು ಬರೆಯುತ್ತಿದ್ದರು, ಲೇಖಕನು ತಿದ್ದುತ್ತಿದ್ದನು. ಆತನ ಅಕ್ಷರಗಳಲ್ಲಿ ತಪ್ಪಿದ ಗೆರೆಗಳನ್ನು ಆಕೆ ಕೆಂಪು ಶಾಯಿಯಲ್ಲಿ ಎಳೆದು ಕಳುಹಿಸುತ್ತಿದ್ದರು. ಆ ಮನೆಯಲ್ಲಿ ಇಂದಿಗೂ ಮೂರನೆಯ ಕಾಲಮು ತುಂಬುವವರೆಗೆ ಬ್ಯಾಂಕಿನ ಅರ್ಜಿಗೆ ಸಹಿ ಬೀಳುವುದಿಲ್ಲ.