ಆಟದ ಮೇಜಿನ ಮೇಲೆ ಕಾವೇರಿ

ಚದುರಂಗದ ಹಾಸಿನಲ್ಲಿ 64 ಮನೆಗಳೂ ಸಮಾನವಾದುವು. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಚೀನೀಯರ ಚದುರಂಗದ ನಡುವೆ ಒಂದು ನದಿಯುಂಟು. ಆನೆಯು ಅದನ್ನು ದಾಟುವಂತಿಲ್ಲ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತನು ನಿಜವಾದ ಭೂಪಟದ ಮೇಲೆ, ದಾಳಗಳ ಸಹಾಯದಿಂದ ಆಡುವ ಯುದ್ಧಕ್ರೀಡೆಯೊಂದನ್ನು ಪ್ರಕಟಿಸಿದನು. 1913ರಲ್ಲಿ ಎಚ್. ಜಿ. ವೆಲ್ಸನು ಗೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಬರೆದನು. ಇಂತಹ ಆಟಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಸೈನ್ಯವು ನೀರನ್ನು ದಾಟುವುದು ಹೇಗೆ? ಪಾರ್ಶ್ವದಿಂದ ಬರುವ ತುಕಡಿಯನ್ನು ಯಾವಾಗ ಮೇಜಿನ ಮೇಲಿಡಬೇಕು?

ಮೈಸೂರು ನಗರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಶ್ರೀರಂಗಪಟ್ಟಣವೇ ಇದಕ್ಕೆ ಉತ್ತಮ ಪಾಠ. ಈ ದ್ವೀಪದುರ್ಗಕ್ಕೆ ಕಾವೇರಿಯೇ ಕಂದಕ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಹೊಳೆಯನ್ನು ಹಾಯಲಾರದೆ, ಮೇಲ್ಗಡೆಯ ಕನ್ನಂಬಾಡಿಯತ್ತ ಸಾಗಿದನು. ಮಳೆ, ಹಸಿವು, ರೋಗಗಳು ಸೈನ್ಯವನ್ನು ಕಾಡಿದುವು. ಬಂಡಿಯೆಳೆಯುವ ಎತ್ತುಗಳು ಸತ್ತುವು. ಕೊನೆಗೆ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. 1799ರ ಮೇ 4ರಂದು, ಬೇಸಗೆಯ ತಗ್ಗಿದ ನೀರಿನಲ್ಲಿ, ಜನರಲ್ ಬೇರ್ಡನ ಪಡೆಯು ಅದೇ ಹೊಳೆಯ ಬಂಡೆಗಳ ನಡುವೆ ಹಾಯ್ದು, ಒಡೆದ ಗೋಡೆಯನ್ನು ಏರಿತು. ಟಿಪ್ಪು ಸುಲ್ತಾನನು ಅಂದೇ ಮಡಿದನು. ನದಿಯೂ ಅದೇ, ತಿಂಗಳೂ ಅದೇ. ನೀರು ಮಾತ್ರ ಬೇರೆ.

ಆದುದರಿಂದ ಮೇಜಿನ ಮೇಲೆ ನದಿಯನ್ನು ಗೋಡೆಯೆಂದು ಎಣಿಸಬಾರದು. ಕಾಲವನ್ನು ನುಂಗುವ ನೆಲವೆಂದು ಎಣಿಸಬೇಕು. 1 ಸೆಂಟಿಮೀಟರು 20 ಮೀಟರುಗಳಿಗೆ ಸಮವೆಂದಿಟ್ಟುಕೊಳ್ಳೋಣ. 240 ಮೀಟರು ಅಗಲದ ಹೊಳೆ 12 ಸೆಂಟಿಮೀಟರು ಆಗುತ್ತದೆ. ಬಯಲಿನಲ್ಲಿ ಸರದಿಯೊಂದಕ್ಕೆ 8 ಸೆಂಟಿಮೀಟರು ನಡೆಯುವ ಪದಾತಿಗೆ ನೀರಿನಲ್ಲಿ 4 ಮಾತ್ರ ಕೊಟ್ಟರೆ, ಒಂದೂವರೆ ಸರದಿಯ ದಾರಿ ಮೂರು ಸರದಿಯಾಗುತ್ತದೆ. ಅಷ್ಟು ಹೊತ್ತೂ ಪಡೆಯು ಎದುರಾಳಿಯ ಗುಂಡಿಗೆ ಗುರಿ. ಹೊಳೆ ತುಂಬಿದ್ದರೆ ದಾಟುವುದೇ ನಿಷಿದ್ಧ. ಯಾವ ಋತುವೆಂಬುದನ್ನು ಆಟಕ್ಕೆ ಮೊದಲೇ ಗೊತ್ತುಮಾಡಬೇಕು.

ಇನ್ನು ಪಾರ್ಶ್ವದ ವಿಚಾರ. 1799ರ ಏಪ್ರಿಲಿನಲ್ಲಿ ಮುಖ್ಯ ಸೈನ್ಯವು ಹೊಳೆಯ ದಕ್ಷಿಣಕ್ಕಿರಲು, ಕೊಡಗಿನ ಮಾರ್ಗವಾಗಿ ಬಂದ ಬೊಂಬಾಯಿ ಸೈನ್ಯವು ಉತ್ತರ ದಂಡೆಯಲ್ಲಿ ನೆಲೆಯೂರಿ, ಕೋಟೆಯ ಪಶ್ಚಿಮದ ಗೋಡೆಯುದ್ದಕ್ಕೂ ಅಡ್ಡಲಾಗಿ ಗುಂಡು ಹಾರಿಸಿತು. ನೀರು ಮನುಷ್ಯನನ್ನು ತಡೆಯುತ್ತದೆ, ಗುಂಡನ್ನು ತಡೆಯದು. ಮೇಜಿನ ಪಕ್ಕದ ಅಂಚಿನಿಂದ ಬರುವ ತುಕಡಿಯು ಯಾವ ದಂಡೆಯಲ್ಲಿ ಪ್ರವೇಶಿಸುವುದೆಂದು ಆಟಗಾರನು ಮುಂಚೆಯೇ ಗುಟ್ಟಾಗಿ ಬರೆದಿಡಬೇಕು. ಹೊಳೆಯಾಚೆ ನೇರವಾಗಿ ಇಳಿಸುವಂತಿಲ್ಲ.

ಅದು ಬರುವ ಕಾಲವನ್ನು ದಾಳಕ್ಕೆ ಬಿಡಬಹುದು. ಮೂರನೆಯ ಸರದಿಯಿಂದ ದಾಳದಲ್ಲಿ 5 ಅಥವಾ 6 ಬಿದ್ದರೆ ತುಕಡಿ ಬಂದಿತೆಂದು ಇಟ್ಟುಕೊಂಡರೆ, ಪ್ರತಿ ಸಲವೂ ಸಂಭವನೀಯತೆ ಮೂರರಲ್ಲೊಂದು. ಮೂರು ಸಲ ಎಸೆದರೂ ಬಾರದಿರುವ ಸಂಭವ 2/3 × 2/3 × 2/3, ಅಂದರೆ 8/27. ಸರಿಸುಮಾರು ನೂರಕ್ಕೆ ಮೂವತ್ತು. ಆ ತುಕಡಿಯನ್ನೇ ನಂಬಿ ಮುಖ್ಯ ಪಡೆಯನ್ನು ನೀರಿಗಿಳಿಸಿದವನು ಹತ್ತು ಆಟಗಳಲ್ಲಿ ಸುಮಾರು ಮೂರು ಸಲ ಹೊಳೆಯ ನಡುವೆ ಒಂಟಿಯಾಗಿ ನಿಲ್ಲುತ್ತಾನೆ.

ವಿದ್ಯಾರ್ಥಿಗಳು 4, 5, 6 ಮೂರಕ್ಕೂ ಪ್ರವೇಶವನ್ನು ಕೊಟ್ಟು ಈ ಲೆಕ್ಕವನ್ನು ಪುನಃ ಮಾಡಿ ನೋಡಲಿ. ಕಾರ್ನ್‌ವಾಲಿಸನು ಫಿರಂಗಿಗಳನ್ನು ಒಡೆದುಹಾಕಿದ್ದು ಎದುರಾಳಿಯ ಕತ್ತಿಗೆ ಸೋತು ಅಲ್ಲ, ಕಾಲದ ಲೆಕ್ಕ ತಪ್ಪಿ ಎಂಬುದು ಆಗ ಮನವರಿಕೆಯಾಗುವುದು.