ಹಳಿ ಕಿತ್ತ ಮೇಲೆ ಉಳಿಯುವ ದಾರಿ

ರೈಲಿಗೆ ಏರು ಆಗಿಬರುವುದಿಲ್ಲ. ನಮ್ಮ ವಿಷಯ ಸೈಕಲ್ಲಾದರೂ ಪಾಠ ಇಲ್ಲಿಂದಲೇ ಶುರುವಾಗಬೇಕು. ಉಕ್ಕಿನ ಗಾಲಿ ಉಕ್ಕಿನ ಹಳಿಗೆ ತಾಗುವ ಜಾಗ ಒಂದು ನಾಣ್ಯದಷ್ಟು ಮಾತ್ರ. ಅದೂ ನುಣುಪಿನ ಮೇಲೆ ನುಣುಪು. ಈ ನುಣುಪಿನಿಂದಲೇ ಒಂದು ಎಂಜಿನ್ನು ಬಯಲಿನಲ್ಲಿ ಸಾವಿರಾರು ಟನ್ ಎಳೆದುಕೊಂಡು ಹೋಗುತ್ತದೆ. ಇದೇ ನುಣುಪಿನಿಂದ ಎತ್ತಿನಗಾಡಿ ಹತ್ತುವ ದಿಬ್ಬದಲ್ಲಿ ಎಂಜಿನ್ನಿನ ಗಾಲಿ ನಿಂತಲ್ಲೇ ಸುತ್ತುತ್ತದೆ.

ಹಾಗಾಗಿ ರೈಲುದಾರಿ ಹಾಕಿದವರು ನೆಲವನ್ನೇ ತಿದ್ದಿದರು. ದಿಬ್ಬ ಸಿಕ್ಕರೆ ಕಡಿದರು. ಕಡಿದ ಮಣ್ಣನ್ನು ಮುಂದಿನ ತಗ್ಗಿಗೆ ಸುರಿದು ಏರಿ ಕಟ್ಟಿದರು. ಕಡಿದು ಮುಗಿಯದ ಬೆಟ್ಟಕ್ಕೆ ಸುರಂಗ, ತುಂಬಿ ಮುಗಿಯದ ಕಣಿವೆಗೆ ಸೇತುವೆ. ನೂರು ಮೀಟರ್ ಹೋದರೆ ಒಂದು ಮೀಟರ್ ಮೇಲೇರುವುದನ್ನು ‘ನೂರಕ್ಕೊಂದು’ ಎನ್ನೋಣ. ರೈಲಿನ ಮಟ್ಟಿಗೆ ಅದೇ ಲೆಕ್ಕಕ್ಕೆ ಬರುವಂಥ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಾಟಿಯ ರೈಲುದಾರಿ ಐವತ್ತಕ್ಕೊಂದು. ಅಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್ನು ಜೋಡಿಸಬೇಕಾಗುತ್ತದೆ.

ಈಗ ಸೈಕಲ್ಲಿಗೆ ಬನ್ನಿ. ಸೈಕಲ್ಲೂ ಸವಾರನೂ ಸೇರಿ 90 ಕಿಲೋ, ವೇಗ ಗಂಟೆಗೆ 15 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನೂರಕ್ಕೊಂದು ಏರಿನಲ್ಲಿ ಆ ಭಾರವನ್ನು ಮೇಲೆತ್ತುವುದಕ್ಕಷ್ಟೇ ಬೇಕಾದ ಶಕ್ತಿ ಸುಮಾರು 37 ವಾಟ್. ನೂರಕ್ಕಾರು ಏರಿನಲ್ಲಿ ಅದು 220 ವಾಟ್ ಆಗುತ್ತದೆ. ರೂಢಿಯಿಲ್ಲದವರು ದಣಿಯದೆ ಬಹಳ ಹೊತ್ತು ಕೊಡಬಲ್ಲದ್ದು ಹೆಚ್ಚೆಂದರೆ 100 ವಾಟ್ ಆಸುಪಾಸು. ಅಂದರೆ ಮೊದಲನೆಯ ಏರನ್ನು ಮಾತಾಡುತ್ತಲೇ ಹತ್ತಬಹುದು, ಎರಡನೆಯದರಲ್ಲಿ ಇಳಿದು ತಳ್ಳಬೇಕು. ಎಂಜಿನ್ನಿನ ಬಲಹೀನತೆಗಾಗಿ ಮಾಡಿದ ಕೆಲಸವೆಲ್ಲ ಮನುಷ್ಯನ ಕಾಲಿಗೂ ಹೇಳಿ ಮಾಡಿಸಿದಂತಾಯಿತು. ಹಳಿ ಕಿತ್ತು ಗುಜರಿಗೆ ಹಾಕಬಹುದು, ಆ ಇಳಿಜಾರನ್ನು ಯಾರೂ ಹೊತ್ತೊಯ್ಯಲಾರರು. ಹಳೆಯ ರೈಲುದಾರಿಯನ್ನು ಸೈಕಲ್ ದಾರಿ ಮಾಡುವ ಯೋಚನೆಯ ತಿರುಳು ಇಷ್ಟೇ.

ಈ ದಾರಿಗಳು ಖಾಲಿ ಬಿದ್ದದ್ದೇಕೆ? ಲಾರಿ, ಕಾರುಗಳು ಬಂದವು, ಸಣ್ಣ ಮಾರ್ಗಗಳು ನಷ್ಟಕ್ಕೆ ಬಿದ್ದವು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಸುಮಾರು 8,000 ಕಿಲೋಮೀಟರ್ ಮಾರ್ಗವನ್ನೂ ಮುಚ್ಚಲು ಹೇಳಿತು. ಅಮೆರಿಕದಲ್ಲಿ ರೈಲುದಾರಿಯ ಒಟ್ಟು ಉದ್ದ 1916ರ ಹೊತ್ತಿಗೇ ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತಲೇ ಬಂತು. ಅಲ್ಲಿನ ವಿಸ್ಕಾನ್ಸಿನ್ ರಾಜ್ಯ 1967ರಲ್ಲಿ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವಿನ ಹಳೆಯ ಮಾರ್ಗವನ್ನು ಸೈಕಲ್ಲಿಗೆ ತೆರೆಯಿತು. ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ದಾರಿಯ ಕೆಲಸ ಶುರುವಾದದ್ದು 1979ರಲ್ಲಿ. ಬಹಳ ಮಟ್ಟಿಗೆ ಸ್ವಯಂಸೇವಕರೇ ಸಲಿಕೆ ಹಿಡಿದು 21 ಕಿಲೋಮೀಟರನ್ನು 1986ರೊಳಗೆ ಮುಗಿಸಿದರು.

ಉದಾಹರಣೆಗೆ ಒಂದನ್ನೇ ಬಿಡಿಸಿ ನೋಡೋಣ, ಅಮೆರಿಕದ ಪಿಟ್ಸ್‌ಬರ್ಗ್–ವಾಷಿಂಗ್ಟನ್ ದಾರಿ. ಪಿಟ್ಸ್‌ಬರ್ಗ್ ಎಂದರೆ ನಮ್ಮವರಿಗೆ ಅಲ್ಲಿನ ವೆಂಕಟೇಶ್ವರ ದೇವಸ್ಥಾನವೇ ಮೊದಲು ನೆನಪಾಗುತ್ತದೆ. ಊರು ಬೆಳೆದದ್ದು ಮಾತ್ರ ಉಕ್ಕಿನಿಂದ. ಅಲ್ಲಿಂದ ಕಂಬರ್‌ಲ್ಯಾಂಡ್ ಎಂಬ ಊರಿನ ತನಕ 150 ಮೈಲಿ ಹಳೆಯ ರೈಲುದಾರಿ, ಹೆಸರು ಗ್ರೇಟ್ ಅಲೆಘೆನಿ ಪ್ಯಾಸೇಜ್. ಅಲ್ಲಿಂದ ರಾಜಧಾನಿಯ ತನಕ 184.5 ಮೈಲಿ ಹಳೆಯ ಕಾಲುವೆಯ ಏರಿ, ಹೆಸರು ಚೆಸಪೀಕ್ ಆ್ಯಂಡ್ ಓಹಾಯೊ ಕಾಲುವೆ. ಎರಡೂ ಸೇರಿ ಸುಮಾರು 538 ಕಿಲೋಮೀಟರ್. ರೈಲೂ ಕಾಲುವೆಯೂ ಒಂದೇ ಪಯಣದಲ್ಲಿ ಸಿಗುವುದರಿಂದ ಕಲಿಯುವವರಿಗೆ ಇದು ಅನುಕೂಲ.

ಮೊದಲು ರೈಲಿನ ಭಾಗ. ಇದರ ಬಹುಪಾಲು ವೆಸ್ಟರ್ನ್ ಮೇರಿಲ್ಯಾಂಡ್ ಎಂಬ ಕಂಪನಿಯ ಮಾರ್ಗವಾಗಿತ್ತು. 1912ರಲ್ಲಿ ಹಾಕಿದ್ದನ್ನು 1975ರಲ್ಲಿ ಕೈಬಿಟ್ಟರು. ಸೈಕಲ್ ದಾರಿಯಾಗಿ ಮೊದಲ ಒಂಬತ್ತು ಮೈಲಿ ತೆರೆದದ್ದು 1986ರಲ್ಲಿ, ಒಹಾಯೊಪೈಲ್ ಎಂಬ ಊರಿನ ಬಳಿ. ಕೊನೆಯ ತುಂಡು ಸೇರಿ ಪಿಟ್ಸ್‌ಬರ್ಗ್ ಮುಟ್ಟಿದ್ದು 2013ರಲ್ಲಿ. ಒಂಬತ್ತು ಮೈಲಿ ನೂರೈವತ್ತಾಗಲು ಇಪ್ಪತ್ತೇಳು ವರ್ಷ! ಹೊಸಬರು ಇಲ್ಲೇ ಕೇಳುತ್ತಾರೆ: ದಾರಿ ಹೇಗೂ ಇದೆಯಲ್ಲ, ಮತ್ತೆ ಏಕಿಷ್ಟು ತಡ?

ಹಳಿ, ಸ್ಲೀಪರ್ ಕಿತ್ತ ಮೇಲೆ ಉಳಿಯುವುದು ಮುಷ್ಟಿ ಗಾತ್ರದ ಜಲ್ಲಿ. ಅದರ ಮೇಲೆ ಸೈಕಲ್ ತುಳಿಯಲು ಆಗದು. ಜಲ್ಲಿಯನ್ನು ಕೆರೆದು ಮಟ್ಟ ಮಾಡಬೇಕು, ಅದರ ಮೇಲೆ ಸಣ್ಣ ಕಲ್ಲು, ಎಲ್ಲಕ್ಕಿಂತ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ರೋಲರ್ ಓಡಿಸಬೇಕು. ಈ ಪುಡಿ ಒದ್ದೆಯಾಗಿ ಒಣಗಿದರೆ ಗಟ್ಟಿಯಾಗಿ ಕೂರುತ್ತದೆ, ಡಾಂಬರಿಗಿಂತ ಅಗ್ಗ. ಸ್ಲೀಪರಿಗೆ ಬಳಿದಿದ್ದ ಕ್ರಿಯೋಸೋಟ್ ಎಣ್ಣೆ, ಕಳೆ ಸಾಯಲೆಂದು ವರ್ಷಗಟ್ಟಲೆ ಹೊಡೆದ ವಿಷ ಮಣ್ಣಿನಲ್ಲಿ ಉಳಿದಿರುವುದುಂಟು, ಹಾಗಾಗಿ ಮೊದಲು ಮಣ್ಣಿನ ಪರೀಕ್ಷೆ ಆಗಬೇಕು. ಆದರೆ ಅನುಭವಸ್ಥರು ಎಲ್ಲಕ್ಕಿಂತ ಮೊದಲು ಕೈ ಹಾಕುವುದು ಚರಂಡಿಗೆ. ಕಡಿದ ದಾರಿಯ ಎರಡೂ ಬದಿಗೆ ರೈಲಿನವರು ತೋಡಿದ್ದ ಚರಂಡಿ ಎಲೆ, ಮಣ್ಣು ತುಂಬಿ ಮುಚ್ಚಿಹೋಗಿರುತ್ತದೆ. ಅದನ್ನು ತೆರೆಯದೆ ಮೇಲೆ ಏನು ಹಾಸಿದರೂ ಒಂದೆರಡು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ನನ್ನ ಕಣ್ಣಿಗೆ ಈ ಇಡೀ ವಿದ್ಯೆಯಲ್ಲಿ ಅರ್ಧಪಾಲು ನೀರು ಹರಿಸುವ ವಿದ್ಯೆ.

ಸೇತುವೆಗಳ ಮಾತು ಬೇರೆ. ರೈಲನ್ನು ಹೊತ್ತ ಸೇತುವೆಗೆ ಸೈಕಲ್ ಒಂದು ಭಾರವೇ ಅಲ್ಲ. ಮೇಲೆ ಹಾಸು ಹಾಕಿ ಕಟಕಟೆ ಕಟ್ಟಿದರೆ ಸಾಕು, ಕೆಳಗಿನ ಉಕ್ಕು ಚೆನ್ನಾಗಿದ್ದರೆ. ಈ ದಾರಿಯ ಸ್ಯಾಲ್ಸ್‌ಬರಿ ವಯಾಡಕ್ಟ್ 582 ಮೀಟರ್ ಉದ್ದ, ಸುಮಾರು 30 ಮೀಟರ್ ಎತ್ತರ. ಕೆಳಗೆ ಒಂದು ನದಿ, ಒಂದು ಹೆದ್ದಾರಿ, ಇವತ್ತಿಗೂ ಗೂಡ್ಸ್ ಓಡುವ ಇನ್ನೊಂದು ರೈಲುದಾರಿ. ಪಿಟ್ಸ್‌ಬರ್ಗಿನೊಳಗೆ ನದಿ ದಾಟಿಸುವ ಸೇತುವೆಯ ಹೆಸರು ಹಾಟ್ ಮೆಟಲ್ ಬ್ರಿಜ್. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಕೆಂಪಗೆ ಕುದಿಯುತ್ತಿರುವಂತೆಯೇ ವ್ಯಾಗನ್ನುಗಳಲ್ಲಿ ತುಂಬಿ, ಆಚೆ ದಡದ ಉಕ್ಕಿನ ಕಾರ್ಖಾನೆಗೆ ಇದರ ಮೇಲೆಯೇ ಸಾಗಿಸುತ್ತಿದ್ದರು.

ಸುರಂಗಗಳು ಹಣ ತಿನ್ನುತ್ತವೆ. ಬಿಗ್ ಸ್ಯಾವೇಜ್ ಎಂಬ ಒಂದು ಕಿಲೋಮೀಟರ್ ಸುರಂಗದಲ್ಲಿ ನೀರು ಜಿನುಗುತ್ತದೆ. ಜಿನುಗಿದ್ದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ಒಳಗಿನ ಗೋಡೆ ಸೀಳುತ್ತದೆ. ಅದಕ್ಕೇ ಡಿಸೆಂಬರಿನಿಂದ ಏಪ್ರಿಲ್ ತನಕ ಬಾಗಿಲು ಹಾಕಿಬಿಡುತ್ತಾರೆ. ಉಪಾಯ ಹಳೆಯದೇ. ಎಲ್ರಾಯ್–ಸ್ಪಾರ್ಟಾ ಮಾರ್ಗದ ಸುರಂಗಗಳಿಗೆ ರೈಲಿನ ಕಾಲದಲ್ಲೇ ಆಳೆತ್ತರವನ್ನು ಮೀರಿದ ಮರದ ಬಾಗಿಲುಗಳಿದ್ದವು. ಚಳಿಗಾಲದಲ್ಲಿ ರೈಲು ಬಂದಾಗ ಅವನ್ನು ತೆರೆದು ಮತ್ತೆ ಮುಚ್ಚಲು ಅಲ್ಲೇ ಒಬ್ಬ ಕಾವಲುಗಾರ ಇರುತ್ತಿದ್ದ.

ಕಲ್ಲು, ಮಣ್ಣು, ಉಕ್ಕು ಹೇಗೋ ಬಗ್ಗುತ್ತವೆ. ಬಗ್ಗದಿರುವುದು ಜಮೀನಿನ ಹಕ್ಕು. ಅಮೆರಿಕದಲ್ಲಿ ಎಷ್ಟೋ ಕಡೆ ರೈಲು ಕಂಪನಿಗೆ ಇದ್ದದ್ದು ರೈಲು ಓಡಿಸುವ ಹಕ್ಕು ಮಾತ್ರ, ನೆಲದ ಒಡೆತನ ಇರಲಿಲ್ಲ. ರೈಲು ನಿಂತರೆ ನೆಲ ಅಕ್ಕಪಕ್ಕದ ಹೊಲದವರಿಗೆ ಸೇರುತ್ತದೆ. ನೂರು ಕಿಲೋಮೀಟರ್ ದಾರಿ ಹೀಗೆ ಒಮ್ಮೆ ನೂರಾರು ಜನರ ಪಾಲಾಯಿತೆಂದರೆ ಮತ್ತೆ ಕೂಡಿಸುವುದು ಅಸಾಧ್ಯಕ್ಕೆ ಹತ್ತಿರ. ಮಧ್ಯೆ ಒಬ್ಬರು ಮನೆ ಕಟ್ಟಿದರೂ ಸರಪಳಿ ಕಡಿಯಿತು. ಇದಕ್ಕೆ 1983ರಲ್ಲಿ ಅಲ್ಲಿನ ಸಂಸತ್ತು ಒಂದು ದಾರಿ ಹುಡುಕಿತು: ಮುಂದೆಂದಾದರೂ ರೈಲಿಗೆ ಬೇಕಾಗಬಹುದು, ಅಲ್ಲಿಯವರೆಗೆ ಸೈಕಲ್ ದಾರಿಯಾಗಿರಲಿ, ಕಾನೂನಿನ ಕಣ್ಣಿನಲ್ಲಿ ಇದನ್ನು ರೈಲುದಾರಿಯೆಂದೇ ಎಣಿಸೋಣ ಎಂದು. ಇದಕ್ಕೆ ರೈಲ್‌ಬ್ಯಾಂಕಿಂಗ್ ಎಂದು ಹೆಸರು. ಹೊಲದವರು ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು, ಆದರೆ ನೆಲ ಹೋದವರು ಪರಿಹಾರ ಕೇಳಬಹುದೆಂಬ ಬಾಗಿಲನ್ನೂ ತೆರೆದಿಟ್ಟಿತು. ಹೊಲದವರ ಸಿಟ್ಟಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಾತ ರೈಲಿಗೆಂದು ಬಿಟ್ಟುಕೊಟ್ಟ ನೆಲದಲ್ಲಿ ರಜಾದಿನದ ಸವಾರರು ಹಿತ್ತಲು ನೋಡುತ್ತ ಹೋಗುವುದನ್ನು ಯಾರು ತಾನೇ ಮೊದಲ ದಿನವೇ ಮೆಚ್ಚುತ್ತಾರೆ?

ಸಿದ್ಧವಾದ ದಾರಿಯ ಮೇಲೂ ಕಣ್ಣು ಬೀಳುತ್ತದೆ. ಊರ ನಡುವೆ ಅಡ್ಡಿಯಿಲ್ಲದ ಉದ್ದನೆಯ ಪಟ್ಟಿ ಯಾರಿಗೆ ಬೇಡ? ಬ್ರಿಸ್ಟಲ್–ಬಾತ್ ದಾರಿಯ ಒಂದು ಭಾಗದಲ್ಲಿ ಬಸ್ಸು ಓಡಿಸುವ ಪ್ರಸ್ತಾಪ 2008ರಲ್ಲಿ ಬಂದಿತ್ತು. ಜನ ತಿರುಗಿಬಿದ್ದ ಮೇಲೆ ಕೈಬಿಟ್ಟರು.

ಇನ್ನು ಕಾಲುವೆ. ನಮಗೆ ಕಾಲುವೆ ಎಂದರೆ ಗದ್ದೆಗೆ ನೀರು. ಇಲ್ಲಿ ಹೇಳುತ್ತಿರುವುದು ದೋಣಿಗಾಗಿ ತೋಡಿದ ಕಾಲುವೆ. ನಮ್ಮ ಕಡೆ ಹೋಲಿಕೆ ಬೇಕೆಂದರೆ ಆಂಧ್ರ, ತಮಿಳುನಾಡು ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆ. ಅಮೆರಿಕದ ಈ ಕಾಲುವೆಯಲ್ಲಿ ಕಲ್ಲಿದ್ದಲು ತುಂಬಿದ ದೋಣಿಯನ್ನು ಹಗ್ಗ ಕಟ್ಟಿ ಎಳೆದದ್ದು ಹೇಸರಗತ್ತೆಗಳು. ಅವು ನಡೆಯಲು ದಡದುದ್ದಕ್ಕೂ ಬಿಟ್ಟ ಏರಿಯೇ ಇವತ್ತಿನ ಸೈಕಲ್ ದಾರಿ. ಕಾಲುವೆಯ ನೀರು ನಿಂತಂತೆ ಇರಬೇಕು, ಹಾಗಾಗಿ ದಾರಿ ರೈಲಿನದಕ್ಕಿಂತಲೂ ಮಟ್ಟಸ. ಎತ್ತರ ಬದಲಾಗಬೇಕಾದ ಕಡೆ ಲಾಕ್ ಇರುತ್ತದೆ. ಎರಡು ಬಾಗಿಲಿನ ಕಲ್ಲಿನ ತೊಟ್ಟಿ ಅದು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರು ತುಂಬಿಸಿದರೆ ದೋಣಿ ಮೇಲೆ, ಬಿಟ್ಟರೆ ಕೆಳಗೆ. ಇಂಥವು ಈ ಕಾಲುವೆಯಲ್ಲಿ 74. ಅವೆಲ್ಲ ಸೇರಿ ಏರಿಸುವುದು 297 ಕಿಲೋಮೀಟರಿನಲ್ಲಿ 184 ಮೀಟರ್ ಮಾತ್ರ. ಸೈಕಲ್ಲಿನವರಿಗೆ ಒಂದೊಂದು ಲಾಕಿನ ಪಕ್ಕ ಒಂದು ಪುಟ್ಟ ಏರು, ಮತ್ತೆ ಮೈಲಿಗಟ್ಟಲೆ ಸಮ.

ಒಂದು ತಮಾಷೆ ಗಮನಿಸಿ. ಈ ಕಾಲುವೆಗೂ, ಅದಕ್ಕೆ ಪೈಪೋಟಿಯಾಗಿ ಬಂದ ಬಾಲ್ಟಿಮೋರ್ ಆ್ಯಂಡ್ ಓಹಾಯೊ ರೈಲಿಗೂ ಭೂಮಿಪೂಜೆ ಆದದ್ದು ಒಂದೇ ದಿನ, 1828ರ ಜುಲೈ 4. ಕಂಬರ್‌ಲ್ಯಾಂಡನ್ನು ರೈಲು 1842ರಲ್ಲಿ ಮುಟ್ಟಿತು, ಕಾಲುವೆ 1850ರಲ್ಲಿ. ಅಷ್ಟರಲ್ಲಿ ಹಣ ಮುಗಿದು, ಪಿಟ್ಸ್‌ಬರ್ಗಿನತ್ತ ಹೋಗುವ ಯೋಜನೆ ಅಲ್ಲಿಗೇ ನಿಂತಿತು. 1924ರ ಪ್ರವಾಹದ ಪೆಟ್ಟಿಗೆ ದೋಣಿಗಳೂ ನಿಂತವು. ಮುಂದೆ ಸರ್ಕಾರ ಕೊಂಡುಕೊಂಡ ಈ ಏರಿಯ ಮೇಲೆ ಮೋಟಾರು ರಸ್ತೆ ಮಾಡುವ ಮಾತು ಬಂತು, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೂ ಅದಕ್ಕೆ ದನಿಗೂಡಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸುಮ್ಮನಿರಲಿಲ್ಲ. ನನ್ನ ಜೊತೆ ಒಮ್ಮೆ ನಡೆದು ನೋಡಿ, ಆಮೇಲೆ ಬರೆಯಿರಿ ಎಂದು ಸಂಪಾದಕರನ್ನೇ ಕರೆದರು. 1954ರ ಮಾರ್ಚಿನಲ್ಲಿ ದೊಡ್ಡ ತಂಡವೇ ಹೊರಟಿತು. ಕೊನೆಯ ತನಕ ನಡೆದವರು ಡಗ್ಲಸ್ ಸೇರಿ ಒಂಬತ್ತು ಮಂದಿ. ಆದರೆ ಪತ್ರಿಕೆ ತನ್ನ ನಿಲುವು ಸಡಿಲಿಸಿತು. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಇದೇ ದಾರಿಯಲ್ಲಿ ಪಾ ಪಾ ಎಂಬ 950 ಮೀಟರ್ ಸುರಂಗವಿದೆ. ಒಳಗೆ ಕಾಲುವೆ, ಪಕ್ಕದಲ್ಲಿ ಕಿರಿದಾದ ಕಟ್ಟೆ, ಕಟ್ಟೆಗೆ ಮರದ ಕಟಕಟೆ. ಎದುರುಬದುರಾದ ಇಬ್ಬರು ದೋಣಿಯವರು ನೀನು ಹಿಂದೆ ಹೋಗು, ನೀನು ಹೋಗು ಎಂದು ದಿನಗಟ್ಟಲೆ ಇದರೊಳಗೇ ಹಟ ಹಿಡಿದು ನಿಂತದ್ದರ ಕತೆಯನ್ನು ಅಲ್ಲಿನವರು ಹೇಳುತ್ತಾರೆ. ಕೊನೆಗೆ ಸುರಂಗದ ಬಾಯಲ್ಲಿ ಹಸಿ ಜೋಳದ ದಂಟಿಗೆ ಬೆಂಕಿ ಹಾಕಿ, ಹೊಗೆಯೆಬ್ಬಿಸಿ ಓಡಿಸಿದರಂತೆ.

ನಮ್ಮಲ್ಲಿ ಏಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. 1992ರಲ್ಲಿ ಶುರುವಾದ ಗೇಜ್ ಪರಿವರ್ತನೆಯ ಯೋಜನೆಯಲ್ಲಿ ಮೀಟರ್ ಗೇಜ್ ಮಾರ್ಗಗಳನ್ನು ಹೆಚ್ಚಾಗಿ ಇದ್ದ ಜಾಗದಲ್ಲೇ ಅಗಲಿಸಿದರು, ಹಾಗಾಗಿ ಖಾಲಿ ಬಿದ್ದದ್ದು ಕಡಿಮೆ. ಸಕಲೇಶಪುರದ ಘಾಟಿಯಲ್ಲಿ ಅದೇ ಕೆಲಸಕ್ಕೆಂದು 1996ರಲ್ಲಿ ರೈಲು ನಿಲ್ಲಿಸಿದಾಗ, ದೋಣಿಗಲ್, ಯಡಕುಮೇರಿ ಕಡೆಯ ಸೇತುವೆ, ಸುರಂಗಗಳನ್ನು ಹಾದು ಬೆಂಗಳೂರಿನ ಚಾರಣಿಗರು ವರ್ಷಗಟ್ಟಲೆ ನಡೆದರು. ಯಾರೂ ಯೋಜಿಸದೆ ಒಂದು ಹಳಿದಾರಿ ನಡೆದಾರಿಯಾದ ಕಾಲ ಅದು. ಈಗ ಅಲ್ಲಿ ರೈಲು ಓಡುತ್ತಿದೆ, ಹಳಿಯ ಮೇಲೆ ನಡೆಯುವುದು ಅಪರಾಧ, ಪ್ರಾಣಕ್ಕೂ ಅಪಾಯ. ದಯವಿಟ್ಟು ಹೋಗಬೇಡಿ. ನಮ್ಮ ನಾಲೆಗಳಂತೂ ಬಳಕೆಯಲ್ಲೇ ಇವೆ. ಅವುಗಳ ಏರಿ ನೀರಾವರಿ ಇಲಾಖೆಯವರ ತಪಾಸಣೆಗೆ ಬೇಕು, ತಡೆಗೋಡೆಯಿಲ್ಲದ ಕಡೆ ವಾಹನ ನೀರಿಗೆ ಬಿದ್ದ ಸುದ್ದಿ ಮಂಡ್ಯದವರಿಗೆ ಹೊಸದಲ್ಲ. ಅಲ್ಲಿ ಸೈಕಲ್ ದಾರಿ ಮಾಡಬಹುದೇ ಎಂಬುದು ಬೇರೆಯೇ ಚರ್ಚೆ.

ಅಮೆರಿಕದ ಈ ದಾರಿಯಲ್ಲಿ ನಿಮ್ಮವರು ಯಾರಾದರೂ ಹೊರಟಿದ್ದರೆ, ಪಿಟ್ಸ್‌ಬರ್ಗಿನಿಂದ ಶುರು ಮಾಡಲು ಹೇಳಿ. ಅಲ್ಲಿಂದ ನೆತ್ತಿಯ ತನಕ ಸುಮಾರು 200 ಕಿಲೋಮೀಟರಿನಲ್ಲಿ ಏರುವುದು 500 ಮೀಟರ್ ಚಿಲ್ಲರೆ, ಗೊತ್ತೇ ಆಗುವುದಿಲ್ಲ. 729 ಮೀಟರ್ ಎತ್ತರದ ಆ ನೆತ್ತಿ ದಾಟಿದರೆ ಕಂಬರ್‌ಲ್ಯಾಂಡ್ ತನಕ 38 ಕಿಲೋಮೀಟರ್ ಬರೀ ಇಳಿಜಾರು. ಮುಂದಿನ ಕಾಲುವೆ ಏರಿ ಮಣ್ಣಿನದು, ಮಳೆ ಬಂದರೆ ಕೆಸರು, ಮರದ ಬೇರುಗಳೂ ಉಂಟು. ಸಪೂರ ಟೈರಿನ ರೇಸ್ ಸೈಕಲ್ ಬೇಡ, ದಪ್ಪ ಟೈರು ಇರಲಿ. ಪಾ ಪಾ ಸುರಂಗದೊಳಗೆ ದೀಪವಿಲ್ಲ. ಟಾರ್ಚ್ ಹಿಡಿದು, ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗಬೇಕು. ಕೈ ಕಟಕಟೆಯ ಮೇಲಿದ್ದರೆ ಮರದಲ್ಲಿ ಅಲ್ಲಲ್ಲಿ ನುಣ್ಣನೆಯ ಗೀರುಗಳು ಬೆರಳಿಗೆ ಸಿಗುತ್ತವೆ; ಹೇಸರಗತ್ತೆಗಳ ಹಗ್ಗ ಉಜ್ಜಿ ಆದವು ಅವು.